ಸಂಜೆಯ ಏಸಿ ಯಾರ ಕೈಯಲ್ಲಿ

ಯರಗುಪ್ಪಿ, ಕುಂದಗೋಳ ತಾಲೂಕು
೧೮ ಏಪ್ರಿಲ್ ೨೦೨೫, ಶುಕ್ರವಾರ

ಪ್ರೀತಿಯ ಮಗಳು ಮಹಾನಂದಾಳಿಗೆ ನಿನ್ನ ಅಪ್ಪನ ಆಶೀರ್ವಾದಗಳು.

ಹೇಗಿದ್ದೀ ನಂದಾ? ದಿನವಿಡೀ ಪಾಠ ಹೇಳಿ ಗಂಟಲು ಕಟ್ಟುತ್ತದೆ ಎನ್ನುತ್ತಿದ್ದೆ, ಈಗ ಕಡಿಮೆಯಾಯಿತೇ? ವಿಜಯಪುರದ ಬಿಸಿಲು ನಮ್ಮದಕ್ಕಿಂತ ಒಂದು ಕೈ ಮೇಲು, ನೀರು ಹೆಚ್ಚು ಕುಡಿ. ಇಲ್ಲಿ ಎಲ್ಲರೂ ಆರಾಮ. ನಿನ್ನ ಅವ್ವ ಸಂಡಿಗೆ ಹಾಕಿ ಮಾಳಿಗೆಯನ್ನೆಲ್ಲ ತುಂಬಿಸಿದ್ದಾಳೆ, ಕಾಲಿಡಲು ಜಾಗವಿಲ್ಲ. ನಮ್ಮ ಗಿರಣಿಯಲ್ಲಿ ಖಾರ ಕುಟ್ಟಿಸುವವರ ಗದ್ದಲ, ಸೀನಿ ಸೀನಿ ನನಗೆ ಸಾಕಾಗಿದೆ. ನನ್ನ ಮೊಣಕಾಲು ಹೇಗಿವೆ ಎಂದು ನೀನು ಕೇಳುವುದಿಲ್ಲ, ನಾನೂ ಹೇಳುವುದಿಲ್ಲ.

ಫೋನು ಮಾಡಿದರೆ ನೀನು ಎತ್ತುವುದಿಲ್ಲ, ಅದಕ್ಕೇ ಈ ಪತ್ರ. ಆಪರೇಶನ್ ದಿನ ಬೆಳಿಗ್ಗೆ ನಾನು ಹುಬ್ಬಳ್ಳಿಯ ಆಸ್ಪತ್ರೆಯಿಂದ ಎದ್ದು ಬಸ್ಸು ಹತ್ತಿ ಮನೆಗೆ ಬಂದದ್ದಕ್ಕೆ ನಿನಗೆ ಸಿಟ್ಟು. ರಜೆ ಹಾಕಿ ಬಂದು ಡಾಕ್ಟರರನ್ನು ಗೊತ್ತುಮಾಡಿದವಳು ನೀನು, ಸಿಟ್ಟು ಬರುವುದೇ. ಆದರೆ ಅವರು ಕೊಯ್ಯುವುದು ನನ್ನ ಮೊಣಕಾಲು, ನಿನ್ನದಲ್ಲವಲ್ಲ. "ಇನ್ನ ನಿನ್ನ ಕಾಲು, ನಿನ್ನ ಹಣೇಬಾರ. ನನ್ನ ಮಾತಾಡಸಬ್ಯಾಡ" ಎಂದು ಬಾಗಿಲಲ್ಲಿ ನಿಂತು ಹೇಳಿ ಹೋದೆ. ಶಿವರಾತ್ರಿಯಿಂದ ಇಲ್ಲಿಯವರೆಗೆ ಅದನ್ನೇ ನಡೆಸಿಕೊಂಡು ಬಂದಿದ್ದೀ. ಹಟದಲ್ಲಿ ನೀನು ನನ್ನ ಮಗಳೇ.

ಈಗ ನಡೆದದ್ದು ಕೇಳು. ಕಳೆದ ವರ್ಷ ನನ್ನ ಕೋಣೆಗೆ ಏಸಿ ಹಾಕಿಸಿಕೊಟ್ಟೆಯಲ್ಲ, ಅದನ್ನು ನಿನ್ನ ಫೋನಿನಿಂದಲೂ ಏರಿಸಿ ಇಳಿಸಬಹುದು ಎಂದು ನೀನೇ ತೋರಿಸಿದ್ದೆ. "ಅಪ್ಪಾ, ಇಪ್ಪತ್ತೇಳರ ಕೆಳಗ ಇಳಸಬ್ಯಾಡ, ಮಣಕಾಲು ಹಿಡಕೋತಾವ" ಎಂದು ಆಗಲೇ ತಾಕೀತು ಮಾಡಿದ್ದೆ. ನಾನು ಎಲ್ಲಿ ಕೇಳುತ್ತೇನೆ? ಗಿರಣಿಯ ಕಾವಿನಿಂದ ಬಂದವನೇ ಹದಿನೆಂಟಕ್ಕೆ ಇಟ್ಟು ಕೂರುತ್ತೇನೆ. ಯುಗಾದಿ ಮುಗಿದ ಮೇಲೆ ಒಂದು ಸಂಜೆ, ಏಳರ ಸುಮಾರಿಗೆ, ಏಸಿ ಟುಂಯ್ ಎಂದು ತಾನೇ ಇಪ್ಪತ್ತೇಳಕ್ಕೆ ಏರಿತು. ರಿಮೋಟು ನನ್ನ ಬಾಜು ಬಿದ್ದಿತ್ತು, ಯಾರೂ ಮುಟ್ಟಿಲ್ಲ. ಇಳಿಸಿದೆ. ಮರುದಿನ ಅದೇ ಹೊತ್ತಿಗೆ ಮತ್ತೆ ಏರಿತು. ಕರೆಂಟ್ ಕಂಪನಿಯವರ ಕೆಲಸವಿರಬಹುದೆಂದು ನನಗೆ ಹೊಳೆಯಲೇ ಇಲ್ಲ. ಅವರ ಜೊತೆ ಏಗುತ್ತ ಗಿರಣಿ ನಡೆಸಿ ತಲೆ ಬೆಳ್ಳಗಾದವನು ನಾನು. ಅವರು ತೆಗೆದರೆ ಇಡೀ ಊರಿನ ಕರೆಂಟ್ ತೆಗೆಯುತ್ತಾರೆ, ಒಬ್ಬನ ಕೋಣೆಗೆ ಬಂದು ಅವನ ಮೊಣಕಾಲು ನೋಡಿ ಏಸಿ ಏರಿಸುವ ಪೈಕಿ ಅಲ್ಲ. ಇದು ನಮ್ಮ ನಂದಾಳ ಕೆಲಸವೇ ಎಂದುಕೊಂಡೆ. ಮಾತು ಬಿಟ್ಟಿದ್ದಾಳೆ, ಕಾಳಜಿ ಬಿಟ್ಟಿಲ್ಲ ಎಂದುಕೊಂಡೆ.

ಆಮೇಲೆ ಇಳಿಸುವುದನ್ನೇ ಬಿಟ್ಟೆ. ಏಳಾಗುವ ಮೊದಲೇ ಗಿರಣಿಯನ್ನು ನಿನ್ನ ಅಣ್ಣ ಈರೇಶನಿಗೆ ಒಪ್ಪಿಸಿ ಬಂದು ಕೂರುತ್ತಿದ್ದೆ. ಏರಿದ ಕೂಡಲೇ ಗೋಡೆಯ ಮೇಲಿನ ಏಸಿಗೆ "ಆತು ಬಿಡವಾ, ಇರಲಿ ಇಪ್ಪತ್ತೇಳು" ಎನ್ನುತ್ತಿದ್ದೆ. ನಿನ್ನ ಅವ್ವ ಕೇಳಿಸಿಕೊಂಡು "ಗ್ವಾಡಿ ಜೋಡಿ ಮಾತಾಡಾಕ ಹತ್ತೀರಲ್ರಿ, ಮಣಕಾಲ ಬ್ಯಾನಿ ತಲಿಗೇರೇತೇನ್ರಿ?" ಎಂದು ನಕ್ಕಳು. ನಗಲಿ. ನನ್ನ ಮಗಳು ವಿಜಯಪುರದಲ್ಲಿ ಕುಳಿತೇ ನನ್ನನ್ನು ಹದ್ದುಬಸ್ತಿನಲ್ಲಿಟ್ಟಿದ್ದಾಳೆ ಎಂದು ಖಾರ ಕುಟ್ಟಿಸಲು ಬಂದವರಿಗೆಲ್ಲ ಹೇಳಿಕೊಂಡೆ.

ಮೊನ್ನೆ ಏಸಿ ತೊಳೆಯಲು ಕುಂದಗೋಳದ ಫಯಾಜ್ ಬಂದಿದ್ದ. ಅವನಿಗೂ ಹೇಳಿದೆ. "ಕಾಕಾ, ಅದು ಅಕ್ಕಾರು ಅಲ್ರಿ, ಕರೆಂಟ್ ಕಂಪನಿಯವರು" ಎಂದ. ಬೇಸಿಗೆಯ ಸಂಜೆ ಎಲ್ಲರೂ ಒಮ್ಮೆಲೇ ಎಲ್ಲವನ್ನೂ ಹಚ್ಚುವುದರಿಂದ ಕರೆಂಟ್ ಸಾಲುವುದಿಲ್ಲವಂತೆ. ಒಪ್ಪಿಕೊಂಡವರ ಮನೆಯ ಏಸಿಯನ್ನು ಅವರು ತಮ್ಮ ಆಫೀಸಿನಿಂದಲೇ ಎರಡು ತಾಸು ಇಪ್ಪತ್ತೇಳಕ್ಕೆ ಏರಿಸಿಟ್ಟು ಕರೆಂಟ್ ಉಳಿಸುತ್ತಾರಂತೆ. ಬಿಲ್ಲಿನಲ್ಲಿ ರಿಯಾಯಿತಿ ಸಿಗುತ್ತದೆಂದು ಈರೇಶ ಒಪ್ಪಿಗೆ ಕೊಟ್ಟಿದ್ದ. ನನಗೂ ಹೇಳಿದ್ದನಂತೆ, ಗಿರಣಿಯ ಸಪ್ಪಳದಲ್ಲಿ ಯಾರಿಗೆ ಕೇಳಿಸುತ್ತದೆ? ಫಯಾಜ್ ಒಳ್ಳೆಯವನು, ನನ್ನ ಮುಖ ನೋಡಿ "ಚಾ ಕುಡೀರಿ ಕಾಕಾ" ಎಂದು ನನ್ನ ಮನೆಯಲ್ಲಿ ನನಗೇ ಉಪಚಾರ ಮಾಡಿದ. ಖರೇ ಹೇಳುತ್ತೇನೆ ನಂದಾ, ಬಹಳ ಕೆಟ್ಟನಿಸಿತು. ನೀನು ದಿನಕ್ಕೊಮ್ಮೆಯಾದರೂ ನನ್ನನ್ನು ನೆನೆಯುತ್ತೀ ಎಂದುಕೊಂಡಿದ್ದೆ, ನೆನೆದದ್ದು ಕಂಪನಿ. ಅವತ್ತು ಊಟ ಸೇರಲಿಲ್ಲ.

ಅಳಿಯ ಹೇಮಂತನಿಗೆ ನಮ್ಮೆಲ್ಲರ ನೆನಪು ಹೇಳು. ಸಂಡಿಗೆಯ ಡಬ್ಬಿಯನ್ನು ಅವ್ವ ಆ ಕಡೆ ಬರುವವರ ಕೈಯಲ್ಲಿ ಕಳಿಸುತ್ತಾಳಂತೆ. ನೂರು ವರುಷ ಬಾಳು, ಸಿಟ್ಟು ಮಾಡಿಕೊಂಡೇ ಆದರೂ ಬಾಳು.

ನಿನ್ನ ಅಪ್ಪ,
ಮಡಿವಾಳೆಪ್ಪ

ತಾ.ಕ.: ಕಂಪನಿಗೆ ಕೊಟ್ಟ ಒಪ್ಪಿಗೆಯನ್ನು ಈರೇಶನಿಂದ ರದ್ದು ಮಾಡಿಸಿದ್ದೇನೆ. ಇನ್ನು ಏಸಿ ಏರಿಸಲು ನನ್ನ ರಿಮೋಟು ಬಿಟ್ಟರೆ ನಿನ್ನ ಫೋನು ಮಾತ್ರ. ನಿನ್ನೆಯಿಂದ ಹದಿನಾರಕ್ಕೆ ಇಟ್ಟು ಕುಳಿತಿದ್ದೇನೆ, ಮೊಣಕಾಲು ಅಗದಿ ಮರಗಟ್ಟಿವೆ. ನಾನಾಗಿ ಏರಿಸುವವನಲ್ಲ, ನೋಡು ಮತ್ತೆ.