ಅಪ್ಪನಿಗೆ ಇಟ್ಟ ಎಡೆ

ಕೋಣನಕುಂಟೆ
22 ಸೆಪ್ಟೆಂಬರ್ 2025

ಪ್ರೀತಿಯ ಸೀನಣ್ಣ,

ಕುಡಿತ ಬಿಡಿಸುವ ನಿಮ್ಮ ಕೇಂದ್ರದಲ್ಲಿ ಫೋನ್ ಕೊಡುವುದಿಲ್ಲವಲ್ಲ, ಅದಕ್ಕೇ ಈ ಕಾಗದ. ಅಕ್ಷರ ಕೋಳಿ ಕೆದರಿದ ಹಾಗಿದೆ ಎಂದು ನಗಬೇಡ.

ನಿನ್ನೆ ಹಿರಿಯರ ಹಬ್ಬ ಆಯಿತು. ಅಪ್ಪನ ಫೋಟೋ ಮುಂದೆ ಮುದ್ದೆ, ತಲೆಮಾಂಸ, ಬೀಡಿ ಎಲ್ಲ ಎಡೆ ಇಟ್ಟೆವು. ಬ್ರಾಂದಿ ಮಾತ್ರ ಬೇಡ, ಅಪ್ಪನ ಲಿವರ್ ಹೋಗಿದ್ದೇ ಅದರಿಂದ ಎಂದೆ. ಅವ್ವ ಕೇಳಬೇಕಲ್ಲ! "ಬದುಕಿದ್ದಾಗ ಒಂದಿನಾನೂ ನೆಮ್ದಿಯಾಗಿ ಕುಡಿಯೋಕ್ ಬಿಡ್ಲಿಲ್ಲ ನಾನು. ಈಗಾದ್ರೂ ಕುಡೀಲಿ ಬಿಡೇ" ಎಂದು ದೊಡ್ಡ ಬಾಟಲಿಯನ್ನೇ ತರಿಸಿ ಲೋಟ ತುಂಬಿಸಿದಳು. ಹಿರಿಯರು ಬಂದು ಉಣ್ಣಲಿ ಎಂದು ಬಾಗಿಲು ಮುಚ್ಚಿ ಎಲ್ಲರೂ ಜಗಲಿಯಲ್ಲಿ ಕೂತರು. ನಾನು ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದೆ. ಬಾಗಿಲು ತೆಗೆದರೆ ಲೋಟ ಖಾಲಿ! "ಬಂದಿದ್ರು ಕಣೇ ನಿಮ್ಮಪ್ಪ" ಎಂದು ಅವ್ವ ಗಳಗಳನೆ ಅತ್ತಳು. ಅಕ್ಕಪಕ್ಕದವರೆಲ್ಲ ಬಂದು ಲೋಟ ನೋಡಿ ಕೈಮುಗಿದು ಹೋದರು.

ಶನಿವಾರ ನಿನ್ನನ್ನು ಕಳಿಸುತ್ತಾರಂತೆ. ಮನೆಗೆ ಬರಬೇಡ ಅಣ್ಣ. ಈ ಚಟಕ್ಕೆ ಬೀಳುವ ಗುಣ ಹೆಚ್ಚುಕಡಿಮೆ ಅರ್ಧದಷ್ಟು ರಕ್ತದಲ್ಲೇ ಬರುತ್ತದೆ, ಉಳಿದದ್ದು ಮನೆ, ಸಹವಾಸ ಎಂದು ನಿಮ್ಮ ಡಾಕ್ಟರು ನನಗೆ ಹೇಳಿದರು. ತಾತ ಹೋದದ್ದೂ ಹೀಗೆ, ಅಪ್ಪ ಹೋದದ್ದೂ ಹೀಗೆ. ಆದರೆ ಬಂದೇ ಬರುತ್ತದೆ ಎಂದೇನಿಲ್ಲವಂತೆ. ಅಂಜನಾಪುರದ ಚಿಕ್ಕಪ್ಪನೂ ತಾತನ ಮಗನೇ ತಾನೇ, ಒಂದು ತೊಟ್ಟು ಮುಟ್ಟಿದವರಲ್ಲ. ಅವರಲ್ಲಿಗೇ ಹೋಗು. ಇಲ್ಲಿ ಮಿಕ್ಕ ಬಾಟಲಿ ದೇವರ ಗೂಡಿನಲ್ಲಿ ಕೂತಿದೆ, ಚೆಲ್ಲಲು ಅವ್ವ ಬಿಡುತ್ತಿಲ್ಲ.

ನಾನು ಈ ಮನೆ ಬಿಟ್ಟು ಎಲ್ಲಿಗೆ ಹೋಗಲಿ? ಮಂಡಿನೋವಿನ ಅವ್ವನನ್ನು ಯಾರು ನೋಡಬೇಕು? ಭಯವಾಗುತ್ತದೆ ಅಣ್ಣ. ನೀನಾದರೂ ತಪ್ಪಿಸಿಕೋ.

ನಿನ್ನ ತಂಗಿ,
ಸರಸು

ತಾ.ಕ.: ಲೋಟ ಖಾಲಿ ಮಾಡಿದ್ದು ನಾನು. ಚೆಲ್ಲಬೇಕೆಂದೇ ಹಿಂಬಾಗಿಲಿನಿಂದ ಒಳಗೆ ಹೋಗಿದ್ದೆ, ದೇವರಾಣೆಗೂ. ಮೊದಲ ಸಲ ಕುಡಿದರೆ ಗಂಟಲು ಉರಿಯುತ್ತದೆ, ಓಕರಿಕೆ ಬರುತ್ತದೆ ಎನ್ನುತ್ತಾರೆ. ನನಗೆ ಅದೇನೂ ಆಗಲಿಲ್ಲ, ಹಾಯೆನಿಸಿತು. ಅಪ್ಪ ಅಷ್ಟು ಆಸೆಪಟ್ಟು ಕುಡಿದರಲ್ಲ ಎಂದು ಅವ್ವ ಇನ್ನು ಪ್ರತಿ ಅಮಾವಾಸ್ಯೆಯೂ ಲೋಟ ಇಡುತ್ತಾಳಂತೆ. ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ.