ಏಳನೇ ಕ್ಲಾಸಿನ ಕೋಣೆಯ ದನಿ

ತರೀಕೆರೆ
12 ಫೆಬ್ರವರಿ 2025

ಸುಮನಾ,

ಕ್ಷೇಮ ತಾನೆ? ಅತ್ತೆಯ ಮಂಡಿನೋವು ಈಗ ಹೇಗಿದೆ? ನೀನು ಬುಕ್ಕಾಂಬುಧಿಯ ತವರಿಗೆ ಹೋಗಿ ಹನ್ನೊಂದು ತಿಂಗಳಾಯ್ತು. ಫೋನ್ ಮಾಡಿದರೆ ಎತ್ತಲ್ಲ. ಕಾಗದ ಬರೆಯೋಣ ಅಂತ ಎಷ್ಟೋ ಸಲ ಕೂತು, ಹಾಗೇ ಎದ್ದಿದ್ದೀನಿ. ತಡವಾಯ್ತು, ಬೇಜಾರು ಮಾಡ್ಕೋಬೇಡ.

ಅಜ್ಜಂಪುರದಲ್ಲಿ ನೀನು ಓದಿದ ಹೆಣ್ಣುಮಕ್ಕಳ ಶಾಲೆ, ಮಹಾರಾಜರ ಕಾಲದ್ದು, ಬೀಗ ಹಾಕಿ ಪಾಳು ಬಿಟ್ಟಿದ್ದರಲ್ಲ, ಅಲ್ಲಿಗೆ ಹೇಮಶ್ರೀ ಅಂತ ಮೈಸೂರಿನ ಕಲಾವಿದೆ ಬಂದಿದ್ದಾರೆ. ಹಳೇ ಬೆಂಚುಗಳನ್ನ ಇದ್ದಲ್ಲೇ ಬಿಟ್ಟು, ಒಂದೊಂದರ ಕೆಳಗೂ ಪುಟ್ಟ ಸ್ಪೀಕರ್ ಇಡಿಸಿದ್ದಾರೆ. ಬೆಂಚಿನಲ್ಲಿ ಕೂತರೆ ಅಲ್ಲಿ ಓದಿದವರೊಬ್ಬರ ಮಾತು ಕೇಳುತ್ತೆ. "ಇದನ್ನ ಬೇರೆ ಕಡೆ ತಗೊಂಡೋಗಿ ಇಡೋಕಾಗಲ್ಲ ಅಣ್ಣ, ಈ ಕಟ್ಟಡಕ್ಕೇ ಅಂತ ಮಾಡಿರೋದು" ಅಂದರು. ವೈರಿಂಗ್ ಕೆಲಸ ನನಗೆ ಸಿಕ್ಕಿತು. ಗಾರೆ ಉದುರುತ್ತೆ ಅಂತ ಗೋಡೆಗೆ ಒಂದು ಮೊಳೆ ಹೊಡೆಯೋಕೂ ಬಿಡಲಿಲ್ಲ.

ಸೋಮವಾರ ಏಳನೇ ಕ್ಲಾಸಿನ ಕೋಣೆಯಲ್ಲಿ ಟೆಸ್ಟ್ ಮಾಡ್ತಾ ಕಿಟಕಿ ಪಕ್ಕದ ಬೆಂಚಿನಲ್ಲಿ ಕೂತೆ. ನಿನ್ನ ದನಿ ಬಂತು.

"ಮೇಡಂ ರಜ ಹಾಕಿದ್ರೆ ಚಿಕ್ಕ ಕ್ಲಾಸಿಗೆ ನಾನೇ ಪಾಠ ಮಾಡ್ತಿದ್ದೆ. ಮಕ್ಕಳು ಸುಮನಾ ಮಿಸ್ ಅಂತ ಕರೀತಿದ್ವು. ಈಗಲೂ ರಸ್ತೇಲಿ ಯಾರಾದ್ರೂ ಮಿಸ್ ಅಂದ್ರೆ ತಿರುಗಿ ನೋಡ್ತೀನಿ." ಆಮೇಲೆ ಸಣ್ಣಗೆ ನಕ್ಕಿದ್ದೀಯ.

ಹೇಮಶ್ರೀ ನಿಮ್ಮೂರಿಗೆ ಬಂದು ರೆಕಾರ್ಡ್ ಮಾಡಿದ್ದು ನನಗೆ ಗೊತ್ತಿರಲಿಲ್ಲ. ನಾನು ನಿನ್ನ ಗಂಡ ಅಂತ ಅವರಿಗೂ ಗೊತ್ತಿಲ್ಲ. "ಸರಿ ಕೇಳ್ತಿದೆಯಾ ಅಣ್ಣ?" ಅಂತ ಬಾಗಿಲಲ್ಲಿ ನಿಂತು ಕೇಳಿದರು. "ವೈರ್ ಲೂಸಿದೆ, ಇನ್ನೊಂದ್ಸಲ ಹಾಕಿ ಮೇಡಂ" ಅಂದೆ. ವೈರ್ ಸರಿಯಾಗೇ ಇತ್ತು. ನಾಲ್ಕು ಸಲ ಹಾಗೇ ಹೇಳಿದೆ. ಹದಿನಾರು ವರ್ಷ ಒಂದೇ ಮನೇಲಿದ್ದೂ ಮಿಸ್ ಅನ್ನೋ ಆ ಹೆಸರು ನನಗೆ ಗೊತ್ತಿರಲಿಲ್ಲ. ನಾನು ಯಾವತ್ತೂ ನಿನ್ನನ್ನ ಕೇಳಿರಲಿಲ್ಲ.

ನಿನ್ನೆಯಿಂದ ಜನ ಬರ್ತಿದ್ದಾರೆ. ಶಾಲೆ ಎದುರು ಮನೆಯ ತೀರ್ಥಪ್ಪನವರ ಹೆಂಡತಿ ನಿನ್ನ ಬೆಂಚಿನಲ್ಲಿ ತುಂಬ ಹೊತ್ತು ಕೂತಿದ್ದು, "ಎಷ್ಟು ಚೆನ್ನಾಗಿ ಮಾತಾಡ್ತಾಳೆ ಈ ಹುಡುಗಿ, ಎಲ್ಲೋ ಟೀಚರ್ ಆಗಿರಬೇಕು" ಅಂದರು. ನಾನು ಸ್ವಿಚ್ ಬೋರ್ಡ್ ನೋಡೋ ನೆವದಲ್ಲಿ ಆಚೆ ತಿರುಗಿಕೊಂಡೆ.

ಭಾನುವಾರ ಎಲ್ಲ ಬಿಚ್ಚಿಬಿಡ್ತಾರೆ. ಅಷ್ಟರೊಳಗೆ ಒಂದ್ಸಲ ಬಂದು ಕೇಳು. ನಾನಿರೋದು ಬೇಡ ಅಂದ್ರೆ ಆ ಹೊತ್ತಿಗೆ ಬಸ್‌ಸ್ಟ್ಯಾಂಡ್ ಕಡೆ ಹೋಗಿರ್ತೀನಿ. ಮನೇಲಿ ಇಬ್ಬರಿಗಾಗೋಷ್ಟು ಅನ್ನ ಇಡೋ ಅಭ್ಯಾಸ ಇನ್ನೂ ಬಿಟ್ಟಿಲ್ಲ.

ಅತ್ತೆಗೆ ನನ್ನ ನಮಸ್ಕಾರ. ನೀನೆಲ್ಲಿದ್ದರೂ ನಿನಗೆ ಒಳ್ಳೇದಾಗಲಿ.

ನಿನ್ನ
ಸಿದ್ದಲಿಂಗೇಶ್

ಇನ್ನೊಂದು ಮಾತು: ಲಿಂಗದಹಳ್ಳಿ ಕಡೆಯ ಶಾಲೆಯಿಂದ ನಿನ್ನ ಕೆಲಸದ ಆರ್ಡರ್ ಬರಲೇ ಇಲ್ಲ ಅಂತ ಮನೆದೇವರ ಮೇಲೆ ಆಣೆ ಇಟ್ಟಿದ್ದೆ. ಬಂದಿತ್ತು ಸುಮನಾ. ಪೋಸ್ಟ್‌ಮ್ಯಾನ್ ಹತ್ರ ನಾನೇ ಸೈನ್ ಹಾಕಿ ತಗೊಂಡು, ಸೇರೋ ತಾರೀಖು ದಾಟೋವರೆಗೂ ಬಚ್ಚಿಟ್ಟೆ. ಕೆಲಸ ಸಿಕ್ಕಿದರೆ ನಿನಗೆ ನಾನು ಬೇಡವಾಗ್ತೀನಿ ಅಂತ ಹೆದರಿದ್ದೆ. ಆ ಆರ್ಡರನ್ನ ಈ ಕಾಗದದ ಜೊತೆಗೇ ಇಟ್ಟಿದ್ದೀನಿ.