ಬಿಡ್ಲಾ?

ಅಣ್ಣಾ,

ನಿನ್ನ ವಿಳಾಸ ಯಾರ ಹತ್ರಾನೂ ಇಲ್ಲ. ಆದ್ರೂ ಹೇಳ್ತೀನಿ.

ಇವತ್ತು ಆಸ್ಪತ್ರೆ ಅಂಗಳದ ಹಳೇ ಮರ ಹತ್ತಿದ್ದೆ. ದೊಡ್ಡ ಕೊಂಬೆ ಕೊಯ್ದು, ಹಗ್ಗದಲ್ಲಿ ತೂಗಿಸಿ, ರೂಢಿ ನೋಡು, "ಬಿಡ್ಲಾ?" ಅಂತ ಕೂಗಿದೆ. ಕೆಳಗಿದ್ದ ಹೊಸ ಆಳು ತಲೇನೂ ಎತ್ತದೆ "ಬಿಡಿ" ಅಂದುಬಿಟ್ಟ. ನೀನಾಗಿದ್ರೆ ಮೊದಲು "ತಡಿ" ಅಂತಿದ್ದೆ. ಸುತ್ತ ಕಣ್ಣಾಡಿಸಿ, ಬೆಕ್ಕಿದ್ರೆ ಅದನ್ನೂ ಓಡಿಸಿ, ಆಮೇಲೆ "ಹೂಂ, ಈಗ ಬಿಡು". ನಂಗೆ ಎಷ್ಟು ರೇಗ್ತಿತ್ತು. ಇವತ್ತು ಆ "ತಡಿ"ಗೆ ಕಾಯ್ತಾ, ಕೈ ಸೋಲೋವರೆಗೂ ಹಗ್ಗ ಹಿಡಿದು ಕೂತಿದ್ದೆ.

ಸೌದೆ ಸೀಳಿ ಶೆಡ್ಡಲ್ಲಿ ಜೋಡಿಸಿದ್ದಾಯ್ತು. ನಿನ್ನ ನಿಧಾನಕ್ಕೆ ನಾನು ರೇಗಾಡಿದ ದಿನ ಇದೇ ಬಾಗಿಲಲ್ಲಿ ನಿಂತು ನೀನು, "ಹಾಗಾದ್ರೆ ಈ ಕೆಲಸ ಬಿಡ್ಲಾ?" ಅಂತ ಕೇಳಿದಾಗ, "ತಡಿ" ಅನ್ನೋ ಸರದಿ ನಂದಾಗಿತ್ತು.